ರಾಯವ್ವ ಮೇತ್ರಿ, ನಾಲ್ಕನೇ ದರ್ಜೆಯ ಗುತ್ತಿಗೆದಾರರು

“ನಿನ್ನ ಕಾರ್ಡ್ ಸತ್ತೈತಿ ಯವ್ವಾ,” ಅಂದ ರೇಶನ್ ಅಂಗಡಿಯವನು.

ರಾಯವ್ವ ಚೀಲದ ಬಾಯಿ ಬಿಡಿಸಿಕೊಂಡು ನಿಂತಿದ್ದಳು. ಅವನ ಮಾತು ಅರ್ಥವಾಗಲಿಲ್ಲ. ಸತ್ತವರ ಹೆಸರನ್ನು ಕಾರ್ಡಿನಿಂದ ತೆಗೆಯುತ್ತಾರೆ ಅನ್ನುವುದು ಗೊತ್ತಿತ್ತು. ಅತ್ತೆ ತೀರಿಕೊಂಡಾಗ ತೆಗೆದಿದ್ದರು. ಕಾರ್ಡೇ ಸಾಯುವುದು ಹೇಗೆ?

“ನಮ್ಮನ್ಯಾಗ ಯಾರೂ ಸತ್ತಿಲ್ರಿ.”

“ಮಂದಿ ಸತ್ತಿಲ್ಲ. ಕಾರ್ಡ್ ಬಂದ್ ಮಾಡ್ಯಾರ. ಇಲ್ಲೆ ನೋಡು, ಕೆಂಪಗ ಬಂದೈತಿ. ನೀ ಸರಕಾರಕ್ಕ ಟ್ಯಾಕ್ಸ್ ಕಟ್ಟಾಕಿ ಅಂತ. ಬಡವರ ಪಟ್ಟಿಯಿಂದ ತಗದ ಒಗದಾರ.”

ಸಾಲಿನಲ್ಲಿದ್ದವರು ನಕ್ಕರು. “ಸಾವಕಾರ್ತಿ, ನಮಗೂ ಒಂದ್ ಕೆಲಸ ಕೊಡ ಬೇ,” ಅಂತ ಹಿಂದಿನಿಂದ ಯಾರೋ ಕೂಗಿದರು. ರಾಯವ್ವನೂ ನಕ್ಕಳು. ನಗದೆ ಏನು ಮಾಡುವುದು? ಆಕೆಯ ನೆತ್ತಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ಇಪ್ಪತ್ತೆರಡು ವರ್ಷ ಸಿಮಿಟಿನ ಪುಟ್ಟಿ ಹೊತ್ತು ಉದುರಿದ್ದು. ಉಗುರುಗಳ ಸುತ್ತ ಸಿಮಿಟು ಕೊರೆದ ಗಾಯಗಳಿದ್ದವು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ. ಈ ಅವತಾರದವಳು ಟ್ಯಾಕ್ಸ್ ಕಟ್ಟುತ್ತಾಳಂತೆ.

ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋದಳು. ತಡವಾಯಿತೆಂದು ಅರ್ಧ ದಿನದ ಪಗಾರ ಕಡಿದರು.

ಮಸಗುಪ್ಪಿಯಿಂದ ಎರಡು ಮೈಲಿ ಆಚೆ, ಕಬ್ಬಿನ ಹೊಲಗಳು ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಅವರ ಕೇರಿ. ಅರವತ್ತು ಮನೆ. ಕೇರಿಯ ತುದಿಗೆ ಅಂಗನವಾಡಿಯ ಹೊಸ ಕಟ್ಟಡ ಏಳುತ್ತಿತ್ತು. ಅದರ ಗುತ್ತಿಗೆ ಊರಿನ ರಾಚಪ್ಪ ಸಾವಕಾರರದು. ಹಾಗಂತ ಎಲ್ಲರೂ ತಿಳಿದಿದ್ದರು. ರಾಯವ್ವ ಅಲ್ಲಿ ಪುಟ್ಟಿ ಹೊರುತ್ತಿದ್ದಳು. ಜೋಡಿಗೆ ಕೇರಿಯ ಪಕ್ಕದ ಕುರುಬರ ಓಣಿಯ ದುಂಡವ್ವ. ಇಬ್ಬರೂ ಹದಿನೈದು ವರ್ಷದಿಂದ ಒಂದೇ ಏಣಿ ಹತ್ತಿ ಇಳಿದವರು.

ಕಾರ್ಡಿನ ಸುದ್ದಿ ಕೇಳಿ ದುಂಡವ್ವ ಸಲಿಕೆ ನಿಲ್ಲಿಸಿದಳು.

“ಕಂಪ್ಯೂಟರ್ ತಪ್ಪಿರತೈತಿ ಬಿಡ. ಮೂಡಲಗಿಗಿ ಹೋಗಿ ಬಾ. ನಿನ್ನ ಮಾರಿ ನೋಡಿದ್ರ ಯಾರಿಗೂ ತಿಳಿತೈತಿ.”

ಮುಖ ನೋಡಿದರೆ ತಿಳಿಯುತ್ತದೆ ಎಂದು ರಾಯವ್ವನಿಗೂ ಅನ್ನಿಸಿತು. ಮೂಡಲಗಿಯ ತಾಲೂಕು ಕಚೇರಿಗೆ ಮೂರು ಸಲ ಹೋದಳು. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೇ ಸಲ ಕರೆಂಟು ಇರಲಿಲ್ಲ. ಮೂರನೇ ಸಲ ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಆಧಾರ ನಂಬರು ಒತ್ತಿದಳು. ಪರದೆಯನ್ನೊಮ್ಮೆ ನೋಡಿದಳು. ರಾಯವ್ವನನ್ನೊಮ್ಮೆ ನೋಡಿದಳು. ಮತ್ತೆ ಪರದೆ ನೋಡಿದಳು.

“ನೀವು ಗುತ್ತಿಗೆದಾರರೇನ್ರಿ?”

“ಅಂದ್ರ?”

“ಕಂಟ್ರಾಕ್ಟರ್. ನಾಲ್ಕನೇ ದರ್ಜೆ ಗುತ್ತಿಗೆದಾರರು ಅಂತ ನಿಮ್ಮ ಹೆಸರಲೆ ಲೈಸೆನ್ಸ್ ಐತಿ. ಜಿ.ಎಸ್.ಟಿ. ನಂಬರ್ ಐತಿ. ಅದಕ್ಕ ಕಾರ್ಡ್ ಹೋಗೈತಿ.”

“ನಾ ಪುಟ್ಟಿ ಹೊರಾಕಿ ಅದೇನ್ರಿ.”

ಹುಡುಗಿ ಒಳ್ಳೆಯವಳು. ಪರದೆಯನ್ನು ಈಕೆಯ ಕಡೆ ತಿರುಗಿಸಿದಳು. ಅಲ್ಲಿ ರಾಯವ್ವನ ಫೋಟೋ ಇತ್ತು. ತಲೆ ಬಾಚಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು, ನೀಲಿ ಪರದೆಯ ಮುಂದೆ ಉಸಿರು ಹಿಡಿದು ಕೂತ ರಾಯವ್ವ. ಕೆಳಗೆ ಆಕೆಯದೇ ಸಹಿ. ವಯಸ್ಕರ ಸಾಲಿಯಲ್ಲಿ ಆರು ತಿಂಗಳು ಕೂತು ಕಲಿತದ್ದು. ‘ವ್ವ’ದ ಒತ್ತು ಯಾವಾಗಲೂ ಸ್ವಲ್ಪ ಕೆಳಗೆ ಜಾರುತ್ತಿತ್ತು. ಇಲ್ಲಿಯೂ ಜಾರಿತ್ತು.

ಹುಡುಗಿ ಇನ್ನೊಂದು ಕಡೆ ಒತ್ತಿ ಓದುತ್ತ ಹೋದಳು. ಪರಿಶಿಷ್ಟರಿಗೆ ಮೀಸಲಾದ ಕಾಮಗಾರಿಗಳು. ಗುತ್ತಿಗೆದಾರರು, ಶ್ರೀಮತಿ ರಾಯವ್ವ ಕೇದಾರಿ ಮೇತ್ರಿ. ಒಂದು ಚರಂಡಿ. ಒಂದು ಸ್ಮಶಾನದ ಕಾಂಪೌಂಡು. ಎರಡು ಸಿಮಿಟು ರಸ್ತೆ. ಒಂದು ಅಂಗನವಾಡಿ.

ಐದರಲ್ಲಿ ನಾಲ್ಕಕ್ಕೆ ರಾಯವ್ವನೇ ಪುಟ್ಟಿ ಹೊತ್ತಿದ್ದಳು.

“ಇದನ್ನ ತಗಸಾಕ ಬರತೈತೇನ್ರಿ?”

“ನೀವು ಗುತ್ತಿಗೆದಾರರಲ್ಲ ಅಂತ ಕಾಗದ ತರಬೇಕ್ರಿ.”

“ಯಾರು ಕೊಡ್ತಾರ ಅದನ್ನ?”

ಹುಡುಗಿಗೆ ಗೊತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ಎಲ್ಲ ನೆನಪಾಯಿತು. ಮೂರು ವರ್ಷದ ಹಿಂದೆ ರಾಚಪ್ಪನ ಕಾರಕೂನ ಸತ್ತೆಪ್ಪ ಮನೆಯ ಬಾಗಿಲಿಗೆ ಬಂದಿದ್ದ. ಎಂದೂ ಕೇರಿಗೆ ಕಾಲಿಡದವನು. “ನಿನಗ ಮನಿ ಬರತೈತಿ ರಾಯವ್ವ. ಸರಕಾರಿ ಸ್ಕೀಮ್. ಜಾತಿ ಪ್ರಮಾಣಪತ್ರ, ಆಧಾರ, ಪಾಸ್‌ಬುಕ್ ಎಲ್ಲ ತಗೋ,” ಅಂದಿದ್ದ. ಜೀಪಿನಲ್ಲಿ ಗೋಕಾಕಿಗೆ ಕರೆದುಕೊಂಡು ಹೋಗಿದ್ದ. ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ. ಒಂದು ಆಫೀಸಿನಲ್ಲಿ ಹಾಳೆಯ ಮೇಲೆ ಹಾಳೆ ಇಟ್ಟು ಸಹಿ ಮಾಡಿಸಿದ. ಬೆರಳು ನೋಯುವವರೆಗೆ ಮಾಡಿದ್ದಳು. ಅಲ್ಲಿದ್ದವರು ಹೆಬ್ಬೆಟ್ಟಿನ ಶಾಯಿ ತರಲು ಹೋದಾಗ “ನನಗ ಸಹಿ ಬರತೈತ್ರಿ,” ಅಂದಿದ್ದಳು. ಎಷ್ಟು ಹೆಮ್ಮೆಯಿಂದ ಅಂದಿದ್ದಳು! ಬರುವಾಗ ಸತ್ತೆಪ್ಪ ಒಂದು ಪ್ಲೇಟು ಗಿರಮಿಟ್ ಕೊಡಿಸಿದ್ದ.

ಮನೆ ಬರಲಿಲ್ಲ. ಎರಡು ಸಲ ಕೇಳಿದ್ದಳು. “ಮ್ಯಾಲಿಂದ ಬರಬೇಕ,” ಅಂದಿದ್ದರು. ಆಮೇಲೆ ಕೇಳುವುದನ್ನು ಬಿಟ್ಟಿದ್ದಳು.

ಮರುದಿನ ರಾಚಪ್ಪನ ಮನೆಗೆ ಹೋದಳು. ಪಡಸಾಲೆಯ ಮೆಟ್ಟಿಲ ಕೆಳಗೆ ಕೂತಳು. ರಾಚಪ್ಪ ಸಿಟ್ಟು ಮಾಡಲಿಲ್ಲ. ಒಳಗಿನಿಂದ ಚಹಾ ತರಿಸಿದ. ಆಕೆಗೆ ಕಾಗದದ ಲೋಟದಲ್ಲಿ ಬಂತು. ಅವನಿಗೆ ಕಪ್ಪಿನಲ್ಲಿ.

“ತಿಳೀತಲ್ಲ? ಛಲೋ ಆತು,” ಅಂದ. “ಕೇಳ ಇಲ್ಲೆ. ಸರಕಾರ ಏನ್ ಮಾಡೈತಿ, ಇಷ್ಟ ಕೆಲಸ ನಿಮ್ಮ ಮಂದಿಗೇ ಅಂತ ಬರದೈತಿ. ಬರದ್ರ ಆತೇನು? ನಿನ್ನ ಕಡೆ ಮಿಕ್ಸರ್ ಐತೇನು? ಟಿಪ್ಪರ್ ಐತೇನು? ಇಂಜಿನಿಯರ್ ನಿನ್ನ ಫೋನ್ ಎತ್ತತಾನೇನು? ನಾ ಮಾಡಲಿಲ್ಲ ಅಂದ್ರ ಆ ಕೆಲಸ ಹಂಗ ಬಿದ್ದ ಹೊಕ್ಕಾವು. ನಿಮ್ಮ ಕೇರಿಗಿ ಚರಂಡಿ ಆಗತಿರಲಿಲ್ಲ. ನಿನಗ ಪಗಾರ ಸಿಗತಿರಲಿಲ್ಲ.”

“ನನ್ನ ರೇಶನ್ ಹೋತಲ್ರಿ ಸಾವಕಾರ್ರ.”

“ನಾ ಕೊಡತೇನಿ. ತಿಂಗಳಿಗೆ ಒಂದ್ ಚೀಲ ಜೋಳ. ಸರಕಾರದ ಅಕ್ಕಿಕಿಂತ ಛಲೋ ಜೋಳ. ಸತ್ತೆಪ್ಪಾ, ಆಕಿಗಿ ಈಗ ಒಂದ್ ಚೀಲ ಕೊಟ್ಟ ಕಳಸು.”

ಸತ್ತೆಪ್ಪ ಚೀಲ ಎತ್ತಿ ಕೊಟ್ಟ. ಅವನ ಅಂಗಿಯ ಕಿಸೆಯಿಂದ ದಾರ ಕಟ್ಟಿದ ಏನೋ ಸಣ್ಣದು ಜೋತಾಡುತ್ತಿತ್ತು, ಹೆಬ್ಬೆರಳಷ್ಟು. ಆಕೆ ನೋಡುತ್ತಿರುವುದನ್ನು ಕಂಡು ಅವನೇ ನಗುತ್ತ ಹೇಳಿದ. “ಇದು ನಿನ್ನ ಸಹಿ. ಡಿಜಿಟಲ್. ಈಗ ನೀ ಬರೂ ಕೆಲಸ ಇಲ್ಲ. ಕಂಪ್ಯೂಟರಿಗೆ ಇದನ್ನ ಚುಚ್ಚಿದ್ರ ಆತು.”

ರಾಯವ್ವ ಜೋಳದ ಚೀಲವನ್ನು ತಲೆಯ ಮೇಲೆ ಹೊತ್ತಳು. ಅದೇ ಕೂದಲಿಲ್ಲದ ನೆತ್ತಿಯ ಮೇಲೆ. ಮನೆಯವರೆಗೆ ಹೊತ್ತುಕೊಂಡು ಬಂದಳು. ಬೇಡ ಅನ್ನಲಿಲ್ಲ. ಮನೆಯಲ್ಲಿ ಹಿಟ್ಟು ಮುಗಿದು ಎರಡು ದಿನವಾಗಿತ್ತು.

ಗಂಡ ಕೇದಾರಿ ಹೊರಸಿನ ಮೇಲೆ ಕೂತಿದ್ದ. ಆರು ವರ್ಷದ ಹಿಂದೆ ರಾಚಪ್ಪನದೇ ಒಂದು ಕಟ್ಟಡದ ಸೆಂಟ್ರಿಂಗಿನಿಂದ ಬಿದ್ದು ಸೊಂಟ ಮುರಿದುಕೊಂಡವನು. ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾನೆ, ಅಷ್ಟೆ. ಅವತ್ತು ಆಸ್ಪತ್ರೆಗೆ ಸೇರಿಸಿದವನು ರಾಚಪ್ಪ. ಆ ಮಾತನ್ನು ಕೇದಾರಿ ದಿನಾ ಒಮ್ಮೆ ನೆನೆಯುತ್ತಾನೆ.

“ಇರಲಿ ಬಿಡು,” ಅಂದ. “ಅವರ ಅನ್ನ ತಿಂದೇವಿ.”

“ಅವರ ಅನ್ನ ಎಲ್ಲೈತಿ? ಸ್ಮಶಾನದ ಗ್ವಾಡಿ ನನ್ನ ಹೆಸರಲೆ ಕಟ್ಯಾರ. ನಾವ ಅವರ ಅನ್ನ ತಿಂದೇವೋ, ಅವರ ನಮ್ಮ ಅನ್ನ ತಿಂದಾರೋ?”

“ಗಪ್ ಕೂಡ. ಗ್ವಾಡಿಗಿ ಕಿವಿ ಬ್ಯಾಡ, ಸತ್ತೆಪ್ಪನ ಮಂದಿ ಕೇರ್ಯಾಗೂ ಅದಾರ.”

ರಾಯವ್ವ ಗಪ್ಪಾದಳು. ಜೋಳ ಬೀಸಿಸಿದಳು. ರೊಟ್ಟಿ ಬಡಿದಳು. ತಿಂದಳು. ಹೀಗೇ ತಿಂಗಳು ಕಳೆಯಿತು. ಹೀಗೇ ಕಳೆದುಹೋಗುತ್ತಿತ್ತೋ ಏನೋ, ಮಗಳ ಫೋನು ಬರದಿದ್ದರೆ.

ಸಂಘಮಿತ್ರಾ ಗೋಕಾಕಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಕೇರಿಯಲ್ಲಿ ಇಪ್ಪತ್ತು ಮನೆ ಒಟ್ಟಿಗೆ ಧಮ್ಮದೀಕ್ಷೆ ತಗೊಂಡ ವರ್ಷ ಹುಟ್ಟಿದವಳು, ಅದಕ್ಕೆ ಆ ಹೆಸರು. ಹತ್ತನೇ ಈಯತ್ತೆ ದಾಟಿ ಮುಂದಕ್ಕೆ ಓದಿದ ಮನೆಯ ಮೊದಲ ಜೀವ. ಎರಡನೇ ವರ್ಷ ಮುಗಿಯುತ್ತ ಬಂದಿತ್ತು.

“ಯವ್ವಾ, ನನ್ನ ಸ್ಕಾಲರ್‌ಶಿಪ್ ನಿಂತೈತಿ. ಹಾಸ್ಟೆಲ್ಲೂ ಬಿಡಬೇಕಂತ. ಆದಾಯ ಪ್ರಮಾಣಪತ್ರ ಕೊಡಾಕಿಲ್ಲ ಅಂದ್ರು.”

“ಯಾಕಂತ?”



“ನಿಮ್ಮವ್ವ ಗುತ್ತಿಗೆದಾರ್ರು ಅಂತ. ಎಲ್ಲಾರ ಮುಂದ ಅಂದ್ರು. ‘ರೊಕ್ಕ ಇಟ್ಟಗೊಂಡು ಬಡವರ ಸೀಟ್ ತಿಂತೀರಿ’ ಅಂದ್ರು. ಖರೆ ಏನವ್ವಾ? ನೀ ಹೊಲಕ್ಕ ಹೋಗತೇನಿ, ಪುಟ್ಟಿ ಹೊರತೇನಿ ಅಂದಿದ್ದೆಲ್ಲ…”

ರಾಯವ್ವನ ಕೈಯಲ್ಲಿ ಒದ್ದೆ ಸಿಮಿಟು ಮೆತ್ತಿತ್ತು. ಫೋನಿಗೂ ಮೆತ್ತಿಕೊಂಡಿತು. ಹೆತ್ತ ಮಗಳೇ ಒಂದು ಗಳಿಗೆ ಅನುಮಾನಪಟ್ಟಿದ್ದಳು. ಆಕೆಯದು ತಪ್ಪೆನ್ನುವುದು ಹೇಗೆ? ಕಂಪ್ಯೂಟರಿನಲ್ಲಿ ಫೋಟೋ ಇದೆ, ಸಹಿ ಇದೆ.

ಮತ್ತೆ ರಾಚಪ್ಪನ ಮನೆಗೆ ಹೋದಳು. ಈ ಸಲ ಚಹಾ ಬರಲಿಲ್ಲ.

“ನರ್ಸಿಂಗ್ ಯಾಕ ಬೇಕ? ಮದವಿ ಮಾಡು. ನಾ ಅಕ್ಕಿಕಾಳಿಗಿ ಬರತೇನಿ,” ಅಂದ.

ಅಂಗನವಾಡಿಯ ಸ್ಲ್ಯಾಬಿಗೆ ಕಾಂಕ್ರೀಟು ಕಲಸುವಾಗ ಅವತ್ತು ರಾಯವ್ವನ ಕಣ್ಣು ಬೇರೆಯಾಗಿತ್ತು. ಇಷ್ಟು ದಿನ ಕಂಡಿರಲಿಲ್ಲ ಅಂತಲ್ಲ. ಇಪ್ಪತ್ತೆರಡು ವರ್ಷ ಕಲಸಿದ ಕೈಗೆ ಯಾವ ಮಾಲು ನಿಲ್ಲುತ್ತದೆ, ಯಾವುದು ಉದುರುತ್ತದೆ ಅನ್ನುವುದು ಮುಟ್ಟಿದರೆ ಗೊತ್ತಾಗುತ್ತದೆ. ಒಂದು ಪುಟ್ಟಿ ಸಿಮಿಟಿಗೆ ಹತ್ತು ಪುಟ್ಟಿ ಉಸುಕು. ಅದೂ ಉಸುಕಲ್ಲ, ಹಳ್ಳದ ದಂಡೆಯ ಮಣ್ಣು. ಕಂಬದಲ್ಲಿ ಕಬ್ಬಿಣದ ಸಳಿಗಳು ಎಣಿಸಿ ನಾಲ್ಕು, ಸಣಕಲು. ಬಾಗಿಲ ಮೇಲಿನ ಸಜ್ಜಾದಲ್ಲಿ ಇರಲೇ ಇಲ್ಲ. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹೊತ್ತಿದ್ದಳು. ಅದು ಸಾವಕಾರನ ಕಟ್ಟಡ, ಸಾವಕಾರನ ಪಾಪ ಅಂದುಕೊಂಡಿದ್ದಳು.

ಈಗ ಅದು ಆಕೆಯ ಹೆಸರು.

“ಗೌಂಡಿ,” ಅಂತ ಕರೆದಳು. ಗೌಂಡಿ ಮಾಲಿಂಗಪ್ಪ ತಿರುಗಿದ. “ಇನ್ನೆರಡು ಪುಟ್ಟಿ ಸಿಮಿಟ್ ಹಾಕೋಣು.”

“ನನಗ ಹೇಳಿದಂಗ ಕಲಸೂದು ಯವ್ವಾ. ಚೀಲ ಎಣಿಸಿ ಕೊಟ್ಟಾರ.”

“ಇದು ಬೀಳತೈತಿ.”

“ಬಿಲ್ ಆಗೂತನಾ ನಿಂತ್ರ ಸಾಕಂತ.” ಮಾಲಿಂಗಪ್ಪ ತಲೆಯೆತ್ತಲಿಲ್ಲ. “ನನ್ನ ಮಮ್ಮಗನೂ ಇಲ್ಲೇ ಬರಾಂವ. ಏನ್ ಮಾಡ್ಲಿ ಹೇಳು.”

ದುಂಡವ್ವ ಪುಟ್ಟಿ ಎತ್ತಿ ಕೊಟ್ಟಳು. ರಾಯವ್ವ ಹೊತ್ತಳು. ಏಣಿ ಹತ್ತಿದಳು. ಸುರಿದಳು. ಇಳಿದಳು. ಅವತ್ತು ಇನ್ನೂರು ಪುಟ್ಟಿ ಹೊತ್ತಿರಬೇಕು. ಒಂದೊಂದು ಪುಟ್ಟಿಯೂ ತನ್ನ ಸಹಿಯಂತೆ ಕಂಡಿತು.

ಸ್ಲ್ಯಾಬಿಗೆ ಮೂರು ದಿನ ನೀರು ಹೊಡೆದರು. ಇನ್ನೂ ಹಸಿ ಇರುವಾಗಲೇ, ಎಂಟನೇ ದಿನ ಕೆಳಗಿನ ಕಟ್ಟಿಗೆ ಬಿಚ್ಚಿದರು. ಮಾರ್ಚ್ ಮುಗಿಯುವುದರೊಳಗೆ ಬಿಲ್ಲು ಆಗಬೇಕಿತ್ತು. ಮೇಲೆ ಸುಣ್ಣ ಬಳಿದರು. ಗೋಡೆಗೆ ಗಿಳಿ, ಮಾವಿನಹಣ್ಣು, ಅಆಇಈ ಬರೆಸಿದರು. ಕೇರಿಯ ಮಕ್ಕಳು ದಿನಾ ಬಂದು ಗಿಳಿಯನ್ನು ಸವರಿ ಹೋಗುತ್ತಿದ್ದವು.

ಆಗ ಸತ್ತೆಪ್ಪ ಮನೆಗೆ ಬಂದ. ಕೈಯಲ್ಲಿ ಹೊಸ ಸೀರೆ.

ಬೆಳಗಾವಿಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರಂತೆ. ಮೀಸಲು ಕೆಲಸಗಳನ್ನು ಖರೆ ಗುತ್ತಿಗೆದಾರರೇ ಮಾಡುತ್ತಿದ್ದಾರೋ, ಬೇರೆಯವರು ಮಾಡುತ್ತಿದ್ದಾರೋ ನೋಡಬೇಕಂತೆ. ಗುತ್ತಿಗೆದಾರರು ಕಟ್ಟಡದ ಮುಂದೆ ನಿಂತ ಫೋಟೋ ಬೇಕಂತೆ.

“ಈ ಸೀರಿ ಉಟಗೋ. ಸುಮ್ಮ ನಿಲ್ಲು. ಕೇಳಿದ್ರ ‘ಹೂಂ’ ಅನ್ನು. ಅಷ್ಟ. ನಿನ್ನ ಮಗಳ ಫೀ ಸಾವಕಾರ್ರ ನೋಡ್ಕೊಂತಾರ.”

ಸತ್ತೆಪ್ಪ ಹೋದ ಮೇಲೆ ಕೇದಾರಿ ಸೀರೆಯನ್ನು ಮುಟ್ಟಿ ನೋಡಿದ.

“ಹುಡುಗಿ ಓದು ಉಳಿತೈತಿ. ಹೂಂ ಅನ್ನಾಕ ಏನು ಖರ್ಚ ಆಕ್ಕೈತಿ ನಿನಗ?”

ರಾಯವ್ವ ಸೀರೆಯನ್ನು ಅವನ ಕೈಯಿಂದ ತಗೊಂಡು ಗೂಡಿನಲ್ಲಿ ಇಟ್ಟಳು. ಹೂಂ ಅನ್ನಬೇಕೆಂದೇ ಅಂದುಕೊಂಡಿದ್ದಳು. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡಳು. ಸೀರೆಯ ಮಡಿಕೆ ಬಿಚ್ಚಿದಳು. ಉಡಲು ಕೈ ಬರಲಿಲ್ಲ. ಅದನ್ನು ಹಾಗೇ ಮಡಚಿ ಇಟ್ಟು, ದಿನಾ ಉಡುವುದನ್ನೇ ಉಟ್ಟು, ಮೇಲೆ ಗಂಡನ ಅಂಗಿ ಹಾಕಿಕೊಂಡು ಹೊರಟಳು. ಯಾಕೆ ಅಂತ ಕೇಳಿದ್ದರೆ ಆಕೆಗೇ ಗೊತ್ತಿರಲಿಲ್ಲ.

ಹತ್ತೂವರೆಗೆ ಎರಡು ಕಾರು ಬಂದವು. ಬೆಳಗಾವಿಯ ಅಧಿಕಾರಿ ಇಳಿದರು. ಇಂಜಿನಿಯರ್ ಇಳಿದರು. ರಾಚಪ್ಪ ಸ್ವಲ್ಪ ದೂರದಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲದವನಂತೆ ಬೈಕಿಗೆ ಒರಗಿ ನಿಂತಿದ್ದ. ಮಕ್ಕಳನ್ನು ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿ ಕೈಗೊಂದು ಬಲೂನು ಕೊಟ್ಟಿದ್ದರು. ಸಜ್ಜಾದ ನೇರ ಕೆಳಗೆ. ಹದಿನಾಲ್ಕು ಮಕ್ಕಳು.

“ಗುತ್ತಿಗೆದಾರರು ಯಾರು?” ಅಧಿಕಾರಿ ಕೇಳಿದರು.

“ಇವರ್ರಿ ಸಾಹೇಬ್ರ. ರಾಯವ್ವ ಮೇತ್ರಿ ಅವರು,” ಅಂದ ಸತ್ತೆಪ್ಪ. ಅವನ ಬಾಯಲ್ಲಿ ಆಕೆಗೆ ಬಹುವಚನ ಬಂದದ್ದು ಅದೇ ಮೊದಲು. ಅಂಗಿಯನ್ನು ನೋಡಿ ಹಲ್ಲು ಕಡಿದ.

ಅಧಿಕಾರಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು.

“ನೀವೇನಾ ಕಂಟ್ರಾಕ್ಟರ್?”

“ಕಾಗದದಾಗ ನಾನ್ರಿ. ಪುಟ್ಟಿ ಹೊತ್ತಾಕಿನೂ ನಾನ್ರಿ.”

“ಕೆಲಸ ಚೆನ್ನಾಗಿ ಆಗಿದೆಯಾ?”

ಹೂಂ ಅನ್ನಬೇಕಿತ್ತು. ಒಂದೇ ಅಕ್ಷರ. ರಾಯವ್ವ ಮಕ್ಕಳ ತಲೆಗಳನ್ನು ನೋಡಿದಳು. ಮೇಲೆ ಸಜ್ಜಾವನ್ನು ನೋಡಿದಳು.

“ಇಲ್ರಿ,” ಅಂದಳು.

ಕೈಯೆತ್ತಿ ಕಂಬ ತೋರಿಸಿದಳು.

“ಒಂದಕ್ಕ ಹತ್ತು ಹಾಕಿ ಕಲಸೇವ್ರಿ. ಅದೂ ಹಳ್ಳದ ಮಣ್ಣು. ಕಂಬದಾಗಿನ ಸಳಿ ಸಣ್ಣವ್ರಿ. ಇಕಾ ಈ ಸಜ್ಜಾದಾಗ ಸಳಿ ಇಲ್ಲ. ನನ್ನ ಕೈಯಾರೆ ಸುರದೇನ್ರಿ. ನನ್ನ ಹೆಸರಲೆ ಲೈಸೆನ್ಸ್ ಮಾಡ್ಸಿ ಈ ರಾಚಪ್ಪ ಸಾವಕಾರ್ರು ಕೆಲಸ ಮಾಡ್ಸ್ಯಾರ. ನನಗ ಕೂಲಿ ಬಿಟ್ರ ಒಂದ ಪೈಸೆ ಗೊತ್ತಿಲ್ರಿ.”

ಇಂಜಿನಿಯರ್ ಮುಂದೆ ಬಂದರು. “ಸರ್, ಟೆಸ್ಟ್ ರಿಪೋರ್ಟ್ ಇದೆ ಸರ್. ಪಾಸಾಗಿದೆ.”

ಅಧಿಕಾರಿ ಫೈಲು ತೆರೆದರು. ಜಾತಿ ಪ್ರಮಾಣಪತ್ರ ಇತ್ತು. ಲೈಸೆನ್ಸು ಇತ್ತು. ಫೋಟೋದಲ್ಲಿದ್ದ ಹೆಂಗಸೇ ಎದುರಿಗೆ ನಿಂತಿದ್ದಳು. ಪರೀಕ್ಷೆಯ ವರದಿಗೆ ಸೀಲು ಇತ್ತು. ಕಟ್ಟಡ ಕಣ್ಣ ಮುಂದೆ ಇತ್ತು. ಅವರು ತುಂಬಬೇಕಾದ ಎಲ್ಲದಕ್ಕೂ ಟಿಕ್ ಬಿದ್ದಿತ್ತು. ಈ ಹೆಂಗಸಿನ ಮಾತು ಬರೆದುಕೊಳ್ಳಲು ಅದರಲ್ಲಿ ಜಾಗವಿರಲಿಲ್ಲ. ಇನ್ನೂ ನಾಲ್ಕು ಹಳ್ಳಿ ನೋಡುವುದಿತ್ತು.

“ಏನೇ ಇದ್ರೂ ಬರೆದು ಅರ್ಜಿ ಕೊಡಿ ಅಮ್ಮ. ಪರಿಶೀಲಿಸ್ತೀವಿ. ಈಗ ಇಲ್ಲಿ ಮಕ್ಕಳ ಪಕ್ಕ ನಿಲ್ಲಿ, ಒಂದು ಫೋಟೋ.”

ಫೋಟೋ ತೆಗೆಯುವವನು ಮೊಬೈಲು ಎತ್ತಿದ. “ಸ್ವಲ್ಪ ಬಾಜೂಕ ಸರೀರಿ,” ಅಂದ.

ರಾಯವ್ವ ಸರಿದಳು. ಸರಿದವಳು ನಿಲ್ಲಲಿಲ್ಲ. ಗೋಡೆಯ ಮಗ್ಗುಲಲ್ಲಿ ಕೆಲಸದ ಸಾಮಾನು ಇನ್ನೂ ಬಿದ್ದಿತ್ತು. ಏಣಿ, ಸಲಿಕೆ, ಹಾರೆ.

“ದುಂಡವ್ವಾ,” ಅಂದಳು, “ಹುಡುಗ್ರನ್ನ ದೂರ ಕರಕೊಂಡ ಹೋಗ.”

ದುಂಡವ್ವ ಗುಂಪಿನಲ್ಲಿ ನಿಂತಿದ್ದಳು. ಆಕೆಗೂ ಮರುದಿನ ಇದೇ ರಾಚಪ್ಪನ ಕೆಲಸವೇ ಬೇಕು. ಒಂದು ಗಳಿಗೆ ಅಲುಗಲಿಲ್ಲ. ಆಮೇಲೆ ಬಂದು ಎರಡು ಕೂಸುಗಳನ್ನು ಕಂಕುಳಿಗೆ ಎತ್ತಿಕೊಂಡಳು, ಉಳಿದವುಗಳಿಗೆ “ನಡೀರಿ, ನಡೀರಿ” ಅಂತ ಗದರಿದಳು. ಬಲೂನುಗಳು ಕೈಬಿಟ್ಟು ಹಾರಿದವು.

ರಾಯವ್ವ ಹಾರೆ ಎತ್ತಿದಳು. ಮೊದಲು ಕಂಬಕ್ಕೆ ಹಾಕಿದಳು. ಸುಣ್ಣ ಹಾರಿತು. ಅದರ ಕೆಳಗೆ ಗಟ್ಟಿಯಾದದ್ದೇನೂ ಇರಲಿಲ್ಲ. ಎರಡನೇ ಏಟಿಗೆ ಹಿಡಿ ಹಿಡಿ ಉದುರಿತು. ಮೂರನೆಯದಕ್ಕೆ ಸಳಿ ಕಂಡಿತು. ಪೆನ್ಸಿಲಿನಷ್ಟು, ಆಗಲೇ ತುಕ್ಕು.

“ಏ ರಾಯೀ!” ರಾಚಪ್ಪ ಬೈಕು ಬಿಟ್ಟು ಓಡಿಬಂದ. “ಸರಕಾರಿ ಕಟ್ಟಡಾ ಐತಿ ಅದು! ನಿನ್ನ ಮ್ಯಾಲ ಕೇಸ್ ಬೀಳತೈತಿ!”

“ಬೀಳಲಿ. ಹುಡುಗ್ರ ಮ್ಯಾಲ ಇದು ಬೀಳೂಕಿಂತ ನನ್ನ ಮ್ಯಾಲ ಅದು ಬೀಳಲಿ.”

“ಹಿಡೀರಿ ಆಕೀನ್ನ! ಯಾರ್ ಕಟ್ಟಡಾ ಅಂತ ಕೆಡವಾಕತ್ತೀ ಬೋಳಿ?”

“ನಂದು!” ರಾಯವ್ವ ತಿರುಗಿದಳು. ಇಪ್ಪತ್ತೆರಡು ವರ್ಷದಲ್ಲಿ ಆಕೆ ರಾಚಪ್ಪನ ಮುಂದೆ ‘ರೀ’ ಬಿಟ್ಟು ಮಾತಾಡಿದವಳಲ್ಲ. “ಕಾಗದ ತಗದ ನೋಡು. ನನ್ನ ಫೋಟೋ ಐತಿ, ನನ್ನ ಸಹಿ ಐತಿ, ನನ್ನ ಜಾತಿ ಐತಿ. ನಿಂದೇನೈತಿ ಇದರಾಗ? ನಿನ್ನ ಹೆಸರ ಎಲ್ಲೈತಿ ತೋರ್ಸು. ನಾ ಕಟ್ಟೇನಿ, ನಾ ಕೆಡವತೇನಿ. ಮುಂದ ಬಂದ್ರ ನಿನಗೂ ಹಾಕತೇನಿ.”

ಯಾರೂ ಮುಂದೆ ಬರಲಿಲ್ಲ. ಆಕೆ ಏಣಿ ಇಟ್ಟು ಹತ್ತಿದಳು. ಪುಟ್ಟಿ ಹೊತ್ತು ಹತ್ತಿದ್ದ ಅದೇ ಏಣಿ. ಸಜ್ಜಾ ಗೋಡೆಗೆ ಕೂಡುವಲ್ಲಿ ಹಾರೆಯ ಮೊನೆ ಇಟ್ಟು ಮೈಭಾರವೆಲ್ಲ ಬಿಟ್ಟು ಮೀಟಿದಳು. ಬೆವರು ಕಣ್ಣಿಗಿಳಿಯುತ್ತಿತ್ತು. ಐದಾರು ಸಲ ಮೀಟಿದಳು. ಸಜ್ಜಾ ಬಾಗಿಲ ಮುಂದೆ ಇಡಿಯಾಗಿ ಕಳಚಿ ಬಿತ್ತು. ಅರೆಗಳಿಗೆಯ ಹಿಂದೆ ಮಕ್ಕಳು ನಿಂತ ಜಾಗದಲ್ಲಿ.

ಧೂಳು ಇಳಿದ ಮೇಲೆ ನೋಡಿದರು. ಮುರಿದ ಸಜ್ಜಾದಲ್ಲಿ ಒಂದೇ ಒಂದು ಸಳಿ ಇರಲಿಲ್ಲ.

ಮಾಲಿಂಗಪ್ಪ ಗೌಂಡಿ ತಲೆಯ ಮೇಲೆ ಕೈಹೊತ್ತು ನೆಲಕ್ಕೆ ಕೂತ. ಅಧಿಕಾರಿ ಕಾರು ಹತ್ತಿದರು.

ಪೊಲೀಸರು ಮಧ್ಯಾಹ್ನ ಬಂದರು. ರಾಯವ್ವನ ಮೇಲೆ ಎರಡು ಕೇಸು. ಕಟ್ಟಡವನ್ನು ಕಳಪೆಯಾಗಿ ಕಟ್ಟಿದ್ದಕ್ಕೆ ಒಂದು, ಅದೇ ಕಟ್ಟಡವನ್ನು ಕೆಡವಿದ್ದಕ್ಕೆ ಇನ್ನೊಂದು. ಹದಿನೇಳು ದಿನ ಜೈಲಿನಲ್ಲಿದ್ದಳು. ಜಾಮೀನು ಕೊಡಲು ಊರಲ್ಲಿ ಪಹಣಿ ಇದ್ದವರು ಯಾರೂ ಒಪ್ಪಲಿಲ್ಲ. ಕಡೆಗೆ ದುಂಡವ್ವನ ಮೈದುನ ಮಾಯಪ್ಪ, ಕುರಿ ಕಾಯುವ ಮನುಷ್ಯ, ತನ್ನ ಒಂದೆಕರೆಯ ಕಾಗದ ತಂದು ಕೋರ್ಟಿನ ಮೇಜಿನ ಮೇಲಿಟ್ಟ. “ನನ್ನ ಮಗಳೂ ಅಲ್ಲೇ ಬಲೂನ್ ಹಿಡಕೊಂಡ ನಿಂತಿದ್ಳು,” ಅಂದ. ಅಷ್ಟೇ ಅಂದ.

ಮನೆಗೆ ಬಂದರೆ ಎಲ್ಲವೂ ಮೊದಲಿಗಿಂತ ಕೆಟ್ಟಿತ್ತು. ಆಕೆಯ ಲೈಸೆನ್ಸನ್ನು ಕಪ್ಪುಪಟ್ಟಿಗೆ ಸೇರಿಸಿದ್ದರು. ಕಟ್ಟಡದ ನಷ್ಟ ತುಂಬಿಕೊಡಬೇಕೆಂದು ನೋಟೀಸು ಬಂದಿತ್ತು. ಆಕೆ ರಾಚಪ್ಪನ ಮೇಲೆ ಬರೆಸಿ ಕೊಟ್ಟ ಅರ್ಜಿ ‘ಪರಿಶೀಲನೆಯಲ್ಲಿ’ ಇತ್ತು. ರೇಶನ್ ಕಾರ್ಡು ಸತ್ತೇ ಇತ್ತು. ಗುತ್ತಿಗೆದಾರಿಕೆ ಹೋದರೂ ಬಡತನ ವಾಪಸು ಬರಲಿಲ್ಲ, ಕಾಗದದ ಮೇಲೆ. ಯಾವ ಗೌಂಡಿಯೂ ಕೆಲಸಕ್ಕೆ ಕರೆಯಲಿಲ್ಲ. ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಹೋಗತೊಡಗಿದಳು, ಅದೂ ವಾರದಲ್ಲಿ ಮೂರು ದಿನ.

ಅಂಗನವಾಡಿಗೆ ಬೀಗ ಬಿದ್ದಿತ್ತು. ಮಕ್ಕಳು ಮೊದಲಿನಂತೆ ತಗಡಿನ ಶೆಡ್ಡಿನಲ್ಲಿ ಕೂರುತ್ತಿದ್ದವು. ಬಿಸಿಲಿಗೆ ಮುಖ ಕೆಂಪಾಗಿ, ಆದರೆ ಕೂರುತ್ತಿದ್ದವು.

ಸಂಘಮಿತ್ರಾ ಟ್ರಂಕು ಹೊತ್ತು ಮನೆಗೆ ಬಂದಿದ್ದಳು. ಒಂದು ವರ್ಷದ ಓದು ಬಾಕಿ ಇತ್ತು. ತಾಯಿಯ ಜೊತೆ ಹತ್ತು ದಿನ ಮಾತಾಡಲಿಲ್ಲ. ಹನ್ನೊಂದನೇ ದಿನ ರೊಟ್ಟಿ ಹರಿಯುತ್ತ ಒಮ್ಮೆಗೇ ಕೇಳಿದಳು.

“ಹೂಂ ಅಂದಿದ್ರ ಆಗತಿತ್ತಲ್ಲ ಯವ್ವಾ. ಒಂದ ವರ್ಷ. ಒಂದ ವರ್ಷ ತಡದಿದ್ರ ನಾ ಪಗಾರ ತರತಿದ್ನಿ. ಆಮ್ಯಾಲ ಕೆಡವಬೇಕಿತ್ತು.”

“ಅಷ್ಟರಾಗ ಬಿದ್ದಿದ್ರ?”

“ಬೀಳದೇನೂ ಇರತಿತ್ತು.”

ರಾಯವ್ವ ತುತ್ತು ನುಂಗಿದಳು. ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಬೀಳದೇ ಇರಬಹುದಿತ್ತು. ಎಷ್ಟೋ ಕಳಪೆ ಕಟ್ಟಡಗಳು ನಿಂತೇ ಇವೆ. ಆದರೂ ಒಂದು ಮಾತು ಆಕೆಗೆ ಗೊತ್ತಿತ್ತು. ಆ ದಿನ ಮತ್ತೆ ಬಂದರೂ ಹಾರೆಯನ್ನೇ ಎತ್ತುತ್ತಿದ್ದಳು. ಮಗಳಿಗೆ ಹೇಳಲಿಲ್ಲ. ಆ ಹುಡುಗಿ ಕೊಟ್ಟ ಬೆಲೆಯ ಮುಂದೆ ಕೂತು ಅದನ್ನು ಹೇಳುವ ಬಾಯಿ ಇರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ, ಕೇರಿಗೆ ಒಬ್ಬ ಅಪರಿಚಿತ ಹೆಂಗಸು ಬಂದಳು. ಮೂವತ್ತರ ಆಸುಪಾಸು. ಕಾಲೆಲ್ಲ ರಾಡಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

“ರಾಯವ್ವ ಮೇತ್ರಿ ಅವರ ಮನಿ ಇದ ಏನ್ರಿ?”

“ನಾನ. ಯಾರವಾ ನೀ?”

“ನಾ ನಂದಾ ಅಂತರಿ ಅಕ್ಕಾರ. ಹುಕ್ಕೇರಿ ಕಡಿಯಾಕಿ, ಬೆಲ್ಲದ ಬಾಗೇವಾಡಿ ಬಾಜೂಕ ನಮ್ಮೂರು. ಕಬ್ಬ ಕಡಿಯಾಕ ಹೋಗತೇವ್ರಿ. ನಿಮ್ಮ ಸುದ್ದಿ ಯಾರೋ ಫೋನಿನ್ಯಾಗ ತೋರಿಸಿದ್ರು. ಎರಡ ಬಸ್ಸ ಹಿಡದು ಬಂದೇನ್ರಿ.”

ಆಕೆ ಹೊಸ್ತಿಲಲ್ಲೇ ಕುಕ್ಕರಿಸಿದಳು. ನೀರು ಕೊಟ್ಟರೆ ಗಟಗಟ ಕುಡಿದಳು. ಆಮೇಲೆ ಅಂದಳು.

“ಮನಿ ಹಾಕಸ್ತೇವಿ ಅಂತ ನನ್ನ ಕಡಿಂದೂ ಸಹಿ ಮಾಡಿಸ್ಕೊಂಡಾರ್ರಿ. ಹೋದ ತಿಂಗಳ ನನ್ನ ಕಾರ್ಡ್ ಬಂದ್ ಆತು.”

ಕೇದಾರಿ ಹೊರಸಿನ ಮೇಲೆ ಕೂತವನು ಮುಖ ಆಚೆ ತಿರುಗಿಸಿದ. ಬೇಡ ಅನ್ನುವಂತೆ ಕೋಲಿನಿಂದ ನೆಲ ಕುಟ್ಟಿದ.

ರಾಯವ್ವ ನಂದಾಳ ಎದುರು ಕೂತಳು. “ನಿನ್ನ ಹೆಸರಲೆ ಏನ ಕಟ್ಟಾಕತ್ತಾರ?”

“ಸಾಲಿ ಖೋಲಿ ಅಂತರಿ. ಎರಡು.”

“ಸ್ಲ್ಯಾಬ್ ಹಾಕ್ಯಾರೇನು?”

“ಇನ್ನಾ ಇಲ್ರಿ. ನಾಳಿ ಹಾಕತಾರಂತ.”

ಒಳಗಿನಿಂದ ಸಂಘಮಿತ್ರಾ ಹೊರಗೆ ಬಂದಳು. ತಾಯಿಯ ಕಡೆ ನೋಡಲಿಲ್ಲ. ನಂದಾಳ ಕೈಯಿಂದ ಪ್ಲಾಸ್ಟಿಕ್ ಚೀಲ ತಗೊಂಡಳು. ಕಾಗದಗಳನ್ನು ಹೊಸ್ತಿಲ ಮೇಲೆ ಒಂದೊಂದಾಗಿ ಹರಡಿ ಬೆರಳಿಟ್ಟು ಓದಿದಳು. ಆಮೇಲೆ ತಲೆಯೆತ್ತಿದಳು.

“ಹುಕ್ಕೇರಿ ಕಡಿ ಹತ್ತೂವರಿ ಬಸ್ಸ ಸಿಗತೈತಿ,” ಅಂದಳು. “ಏಳು ಯವ್ವಾ.”